ಮೈಕಿಗೆ ಸಿಕ್ಕ ಬಿ.ಪಿ.

ಮೈಕಿನ ಗುಂಡಿ ಒತ್ತಿ ಕೂಗಿದ ಮೇಲೆ ಅದನ್ನು ಬಂದ್ ಮಾಡಬೇಕು ಎಂಬುದು ಸಿಂದಗಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಧೂಳಪ್ಪನಿಗೆ ಗೊತ್ತಿಲ್ಲದ ವಿಷಯವೇನಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದವನು. ಆದರೆ ಆ ದಿನ ಬೆಳಿಗ್ಗೆ ಕಲಬುರಗಿ ಬಸ್ಸು ಬಂತೆಂದು ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಜೇಬಿನಲ್ಲಿದ್ದ ಮೊಬೈಲು ಬಡಿದುಕೊಂಡಿತು. ಎತ್ತಿ ನೋಡಿದರೆ ಹೆಂಡತಿ ಇಂದ್ರಾಬಾಯಿ. ಆ ಹೆಸರು ಕಂಡ ಮೇಲೆ ಧೂಳಪ್ಪನಿಗೆ ಲೋಕದ ಮಿಕ್ಕ ಯಾವ ಗುಂಡಿಯೂ ನೆನಪಿಗೆ ಬರುವುದಿಲ್ಲ.

"ಹೂಂ ಇಂದ್ರಾ, ನೆನಪೈತಿ. ಸಂಜೀಕ ಡಾಕ್ಟರ ಕಡೆ ಹೋಗೂದೈತಿ, ಮರತಿಲ್ಲ" ಎಂದ. ಬಸ್ ಸ್ಟ್ಯಾಂಡಿನ ನಾಲ್ಕೂ ಮೂಲೆಯ ಧ್ವನಿವರ್ಧಕಗಳೂ ಅದನ್ನೇ ಹೇಳಿದವು. "ಹೋದ ವಾರ ಬಿ.ಪಿ. ನೂರಾ ಅರವತ್ತ ಬಂತಂದ್ರ ಇವತ್ತೂ ಅಷ್ಟ ಬರಬೇಕಂತ ಎಲ್ಲೈತಿ? ಎಣ್ಣಿ ಇಲ್ಲದ ಪಲ್ಯಾ ತಿಂದ ತಿಂದ ನಾಲಿಗಿ ಸತ್ತ ಹೋಗೈತಿ ನಂದು. ಅಲ್ಲಾ, ಇವತ್ತ ಕಮ್ಮಿ ಬಂದ್ರ ರಾತ್ರಿ ಎಣ್ಣಿಗಾಯಿ ಮಾಡ್ತಿ, ಹೌದಿಲ್ಲೊ? ಮ್ಯಾಲೆ ಎಣ್ಣಿ ತೇಲಬೇಕ ನೋಡು. ಮಾತ ಕೊಟ್ಟೀದಿ ನೀ!"

ಫೋನು ಜೇಬಿಗಿಟ್ಟು ಕಿಟಕಿಯ ಹೊರಗೆ ನೋಡಿದ. ಕಲಬುರಗಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಇನ್ನೊಂದು ಕಾಲನ್ನು ಇಡದೆ ಹಾಗೇ ನಿಂತಿದ್ದ. ಚಹಾ ಕುಡಿಯುತ್ತಿದ್ದವರ ಗ್ಲಾಸುಗಳು ತುಟಿಯ ಹತ್ತಿರವೇ ತಡೆದು ನಿಂತಿದ್ದವು. ಎಲ್ಲರ ಮುಖವೂ ಕಂಟ್ರೋಲರ್ ಕೋಣೆಯ ಕಡೆಗೇ ತಿರುಗಿತ್ತು. ಮೈಕಿನ ಮೇಲೆ ಉರಿಯುತ್ತಿದ್ದ ಪುಟ್ಟ ಕೆಂಪು ದೀಪ ಧೂಳಪ್ಪನಿಗೆ ಕಂಡದ್ದು ಆಗ.

ಎಣ್ಣೆಗಾಯಿಯ ಮಾತು ಬಂತಲ್ಲ, ಅದರ ಹಿನ್ನೆಲೆ ಹೇಳಿಬಿಡುತ್ತೇನೆ. ಎಳೆಯ ಬದನೆಕಾಯಿಯನ್ನು ತುದಿ ಬಿಡದಂತೆ ಸೀಳಿ, ಶೇಂಗಾ ಪುಡಿ, ಗುರೆಳ್ಳು ಪುಡಿ ತುಂಬಿ, ಮುಳುಗುವಷ್ಟು ಎಣ್ಣೆಯಲ್ಲಿ ಬೇಯಿಸುವುದರಲ್ಲಿ ಇಂದ್ರಾಬಾಯಿಯನ್ನು ಮೀರಿಸುವವರು ಆ ಸುತ್ತಿನಲ್ಲಿ ಇಲ್ಲ. ಅದೊಂದೇ ಅಲ್ಲ. ನಸುಕಿನಲ್ಲೇ ಒಲೆ ಹಚ್ಚಿ ಅವಳು ಬಡಿಯುವ ಖಡಕ್ ರೊಟ್ಟಿ ಇಂಡಿ ಊರಿನ ಖಾನಾವಳಿಗಳಿಗೂ ಮುದ್ದೇಬಿಹಾಳದ ಮದುವೆ ಮನೆಗಳಿಗೂ ಬಸ್ಸಿನ ಮೇಲೇರಿ ಹೋಗುತ್ತದೆ. ಮನೆ ಕಟ್ಟಿದ್ದು ಆ ರೊಟ್ಟಿ, ಮಗಳ ಮದುವೆ ಮಾಡಿದ್ದು ಆ ರೊಟ್ಟಿ. ಧೂಳಪ್ಪನ ಸಂಬಳ ಜೊತೆಗೆ ಇತ್ತು, ಅಷ್ಟೇ. ಹೆಂಡತಿಯ ಈ ಗಟ್ಟಿತನವನ್ನು ಕಂಡು ಧೂಳಪ್ಪನಿಗೆ ಒಳಗೊಳಗೇ ಹೆಮ್ಮೆ. ಬಾಯಿ ಬಿಟ್ಟು ಹೇಳಿದ್ದು ಮಾತ್ರ ಒಮ್ಮೆಯೂ ಇಲ್ಲ.

ಹೋದ ವಾರ ಡಾಕ್ಟರು ಬಿ.ಪಿ. ಹೆಚ್ಚಿದೆ, ಒಂದು ವಾರ ಬಿಟ್ಟು ಮತ್ತೆ ಬನ್ನಿ ಎಂದದ್ದೇ ತಡ, ಇಂದ್ರಾಬಾಯಿ ಆ ಸಂಜೆಯೇ ಪಾಮ್ ಎಣ್ಣೆಯ ಡಬ್ಬಿಯನ್ನು ಮನೆಯಿಂದ ಹೊರಗೆ ಹಾಕಿದಳು. ಗಾಣದಿಂದ ಕುಸುಬಿ ಎಣ್ಣೆ ತರಿಸಿದಳು. ಅದನ್ನೂ ಸುರಿಯುವಂತಿಲ್ಲ, ಚಮಚದಲ್ಲಿ ಅಳೆದು ಹಾಕುವುದು. ಉಪ್ಪಿನಕಾಯಿಯಲ್ಲೂ ಎಣ್ಣೆ ಇರುತ್ತದೆಂದು ಅದನ್ನೂ ಗಂಡನ ತಾಟಿನಿಂದ ತೆಗೆದಳು, ದಿನದ ಭಜಿಯನ್ನೂ ಬಿಡಿಸಿದಳು. ಅವನೊಬ್ಬನಿಗೆ ಸಪ್ಪೆ ಬಡಿಸಿ ತಾನು ರುಚಿಯಾಗಿ ಉಣ್ಣುವ ಹೆಂಗಸಲ್ಲ ಅವಳು. ತಾನೂ ಅದೇ ಪಲ್ಯ ಉಂಡಳು. ನುಂಗಲು ಆಗದಿದ್ದಾಗ ಎಣ್ಣೆ ಹಾಕದ ನಿಂಬೆ ಉಪ್ಪಿನಕಾಯಿ, ಉಪ್ಪು ತುಂಬಿ ಒಣಗಿಸಿದ ಮೆಣಸಿನಕಾಯಿ, ಕೆಂಡದ ಮೇಲೆ ಸುಟ್ಟ ಹಪ್ಪಳ ನಂಚಿಕೊಂಡಳು. ಅವುಗಳಲ್ಲಿ ಎಣ್ಣೆಯೇ ಇಲ್ಲವಲ್ಲ! ಗಂಡ ಆಸೆಯಿಂದ ನೋಡಿದರೆ "ನಿಮಗ ಬ್ಯಾಡ್ರಿ, ಖಾರ ಆಕ್ಕೈತಿ" ಎನ್ನುತ್ತಿದ್ದಳು. ಕೊನೆಗೆ ಇಬ್ಬರಲ್ಲಿ ಒಪ್ಪಂದವಾಯಿತು. ಇಂದು ಬಿ.ಪಿ. ಇಳಿದಿದ್ದರೆ ರಾತ್ರಿಗೆ ಎಣ್ಣೆ ತೇಲುವ ಎಣ್ಣೆಗಾಯಿ. ಇಳಿಯದಿದ್ದರೆ ಚಮಚವೇ ಕಾಯಂ, ಮೇಲೆ ಗುಳಿಗೆ.

ಈ ಒಪ್ಪಂದ ಈಗ ಇಡೀ ಬಸ್ ಸ್ಟ್ಯಾಂಡಿಗೆ ತಿಳಿದಂತಾಯಿತು.

ಮೊದಲು ಬಂದವನು ಮುದ್ದೇಬಿಹಾಳ ಬಸ್ಸಿನ ಡ್ರೈವರ್ ಪರಪ್ಪ. ಬುತ್ತಿಯ ಗಂಟನ್ನು ಟೇಬಲ್ಲಿನ ಮೇಲೆ ಕುಕ್ಕಿ, "ಧೂಳಪ್ಪಣ್ಣ, ನಿನಗ ಬಿ.ಪಿ. ಬಂದಿದ್ದು ಎಣ್ಣಿ ತಿಂದಲ್ಲ, ಎಣ್ಣಿ ಬಿಟ್ಟು!" ಎಂದ.

"ಎಣ್ಣಿ ಬಿಟ್ಟಿದ್ದು ಬಿ.ಪಿ. ಬಂದ ಮ್ಯಾಲೋ ಪರಪ್ಪ."

"ಅದ ತಪ್ಪಾಗಿದ್ದು. ನಮ್ಮಪ್ಪ ದಿನಾ ಶೇಂಗಾ ಎಣ್ಣಿ ಅಂಗೈಯಾಗ ಹಾಕ್ಕೊಂಡ ನೆಕ್ಕತಿದ್ದ. ತೊಂಬತ್ತ ತುಂಬಿದ ಮ್ಯಾಲೂ ಓಡೂ ಹೋರಿ ಹಿಡದ ನಿಲ್ಲಸ್ತಿದ್ದ. ಕೂಡು, ಉಣ್ಣು."

ರೊಟ್ಟಿ ಹಾಸಿದ. ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಸುರಿದು, ಬೆರಳಿನಿಂದ ನಡುವೆ ಕುಣಿ ಮಾಡಿ, ಶೀಶೆಯಿಂದ ಹಸಿ ಎಣ್ಣೆ ಬಿಟ್ಟ. ಕುಣಿ ತುಂಬಿ ಹಿಂಡಿಯ ದಂಡೆ ಒಡೆದು ಎಣ್ಣೆ ರೊಟ್ಟಿಯ ಅಂಚಿಗೆ ಹರಿಯಿತು. ಈ ಕಡೆಯ ಊರುಗಳಲ್ಲಿ ಹಿಂಡಿಗೆ ಎಣ್ಣೆ ಬೇಡ ಎಂದರೆ ಉಣ್ಣಿಸುವವರ ಮನೆತನವೇ ಬೇಡ ಎಂದಂತೆ. ಪರಪ್ಪನ ಜೊತೆ ದಿನವೂ ಮುಖ ನೋಡಬೇಕು. ಧೂಳಪ್ಪ ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟ. ವಾರದಿಂದ ಸತ್ತು ಬಿದ್ದಿದ್ದ ನಾಲಿಗೆ ಎದ್ದು ಕೂತಿತು. ಮನಸ್ಸು ಮಾತ್ರ ಸಂಜೆಯನ್ನು ನೆನೆದು ಅಳುಕಿತು.

ಎರಡನೆಯ ರೊಟ್ಟಿ ಮುಗಿಯುವಾಗ ಬಾಗಿಲಲ್ಲಿ ರಾಜೇಶ್ವರಿ ಅಕ್ಕೋರು ನಿಂತಿದ್ದರು. ಧೂಳಪ್ಪನ ಪಕ್ಕದ ಮನೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಬಸವನ ಬಾಗೇವಾಡಿಯ ಮಗಳ ಮನೆಯಿಂದ ಆಗಷ್ಟೇ ಬಂದು ಇಳಿದಿದ್ದರು.

"ಏನಿದು ಧೂಳಪ್ಪ? ಬಸ್ಸಿಂದ ಇಳಿಯೂತಲೇ ನಿಮ್ಮ ಬಿ.ಪಿ. ಸುದ್ದಿನ ಕೇಳಿದೆ. ಇಲ್ಲಿ ನೋಡಿದ್ರ ಎಣ್ಣ್ಯಾಗ ಕೈ ತೊಳ್ಯಾಕತ್ತೀರಿ!"

"ಶೇಂಗಾ ಎಣ್ಣಿರಿ ಅಕ್ಕೋರ, ಗಾಣದ್ದು" ಎಂದು ಪರಪ್ಪ ಅಡ್ಡ ಬಂದ.

"ಶೇಂಗಾ ಎಣ್ಣಿ ಕೆಟ್ಟದ್ದಂತ ನಾ ಅನ್ನೂದಿಲ್ಲ. ಪಾಮ್ ಎಣ್ಣಿ, ಡಾಲ್ಡಾದಾಗಿನ ಕೊಬ್ಬು ರಕ್ತನಾಳದಾಗ ಜಿಡ್ಡ ಕಟ್ಟತೈತಿ. ಕಾಯಿಸಿದ ಎಣ್ಣಿ ಮತ್ತ ಮತ್ತ ಕಾಯಿಸಿದ್ರ ಅದು ಇನ್ನೂ ಕೆಟ್ಟದ್ದು. ಹೃದಯಕ್ಕ ಕುಸುಬಿ ಎಣ್ಣಿ ಛಲೋ. ಅಂದ್ರೂ ಅಳತಿ ಮೀರಬಾರದು." ಇಷ್ಟು ಹೇಳಿ ಅಕ್ಕೋರು ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. "ತಗೋರಿ. ಮಗಳ ಮನ್ಯಾಗ ಕುಸುಬಿ ಎಣ್ಣ್ಯಾಗ ಕರದ ಚಕ್ಕಲಿ. ಇದನ್ನ ಎಷ್ಟ ತಿಂದ್ರೂ ಹಗರ."

"ಈಗರ ಅಳತಿ ಮೀರಬಾರದು ಅಂದ್ರಿ?" ಎಂದ ಪರಪ್ಪ.

"ನಿನ್ನ ಕೂಡ ಮಾತಾಡಿಲ್ಲ ನಾ! ಧೂಳಪ್ಪ, ಇನ್ನೊಂದು ಮುಖ್ಯ ಮಾತು ಕೇಳ್ರಿ. ಬಿ.ಪಿ.ಗೆ ಎಣ್ಣಿಗಿಂತಾ ಮೊದಲು ಉಪ್ಪು..."

ಅಷ್ಟರಲ್ಲಿ ಹೊರಗೆ ಬಸ್ಸೊಂದು ಕಿವಿ ಒಡೆಯುವಂತೆ ಹಾರ್ನ್ ಹೊಡೆಯಿತು. ಹಾರ್ನ್ ನಿಂತಾಗ ಪರಪ್ಪ ತನ್ನ ಅಪ್ಪನ ಹೋರಿಯ ಕತೆಯನ್ನು ಮೊದಲಿನಿಂದ ಶುರುಮಾಡಿದ್ದ. ಅಕ್ಕೋರು ಹೃದಯದ ನಾಲ್ಕು ಕೋಣೆಗಳನ್ನು ಗಾಳಿಯಲ್ಲಿ ಬೆರಳಿನಿಂದ ಬರೆಯತೊಡಗಿದರು. ಉಪ್ಪಿನ ಮಾತು ಅಲ್ಲೇ ಉಳಿಯಿತು. ಇಬ್ಬರ ನಡುವೆ ಸಿಕ್ಕ ಧೂಳಪ್ಪ ಒಬ್ಬರಿಗೆ ತಲೆಯಾಡಿಸುತ್ತ, ಇನ್ನೊಬ್ಬರ ಚಕ್ಕಲಿ ಕಡಿಯುತ್ತ, ಕಿಟಕಿಯಾಚೆ ನಿಂತ ಬಸ್ಸಿನ ಬೋರ್ಡು ಸರಿಯಾಗಿ ನೋಡದೆ ಮೈಕಿನ ಗುಂಡಿ ಒತ್ತಿದ. ಬಾಗೇವಾಡಿಗೆ ಹೊರಟ ಬಸ್ಸನ್ನು ಇಂಡಿ ಬಸ್ಸೆಂದು ಕೂಗಿದ. ಈ ಸಲ ಗುಂಡಿಯನ್ನು ಮಾತ್ರ ಮರೆಯದೆ ಬಂದ್ ಮಾಡಿದ.

ಸ್ವಲ್ಪ ಹೊತ್ತಿಗೆ ಬಾಗೇವಾಡಿ ಬಸ್ಸಿನ ಕಂಡಕ್ಟರನ ಫೋನು ಬಂತು. "ಧೂಳಪ್ಪಣ್ಣ, ಇಂಡಿ ಕಡೆ ಹೋಗೂ ಹಲಸಂಗಿ ಆಯಿ ಒಬ್ಬಾಕಿ ನೀ ಕೂಗಿದ್ದ ಕೇಳಿ ನಮ್ಮ ಬಸ್ಸ ಹತ್ಯಾಳ. ಈಕಿನ್ನ ಊರ ಹೊರಗಿನ ಪೆಟ್ರೋಲ್ ಬಂಕಿನ್ಯಾಗ ಇಳಿಸೀನಿ. ಬಂದ ಕರಕೊಂಡ ಹೋಗು. ನನಗ ಬೈದ ಬೈಗಳ ನಿನಗೂ ಇಟ್ಟಾಳ."

ಮೋಟರ್ ಸೈಕಲ್ ಕೇಳಿದರೆ ಯಾರಲ್ಲೂ ಇರಲಿಲ್ಲ, ಆಟೋ ಒಂದೂ ಸಿಗಲಿಲ್ಲ. ಬಸ್ಸು ಹೊರಡಲು ಇನ್ನೂ ಹೊತ್ತಿದ್ದ ಪರಪ್ಪನನ್ನು ಕೋಣೆ ನೋಡಿಕೊಳ್ಳಲು ಕೂರಿಸಿ ಧೂಳಪ್ಪ ನಡೆದೇ ಹೊರಟ. ಬಿಸಿಲು ನೆತ್ತಿಗೇರಿತ್ತು. ಹೊಟ್ಟೆಯಲ್ಲಿ ಶೇಂಗಾವೂ ಕುಸುಬಿಯೂ ಇನ್ನೂ ವಾದ ಮುಗಿಸಿರಲಿಲ್ಲ.

ಪೆಟ್ರೋಲ್ ಬಂಕಿನ ನೆರಳಲ್ಲಿ ಶಂಕ್ರೆವ್ವ ಎಂಬ ಆ ಮುದುಕಿ ಗಂಟಿನ ಮೇಲೆ ಕೂತಿದ್ದಳು. ಧೂಳಪ್ಪ ಬಾಯಿ ತೆರೆದು "ತಪ್ಪಾತ್ರಿ ಆಯಿ" ಎಂದದ್ದೇ, ಅವಳ ಸಿಟ್ಟೆಲ್ಲ ಒಮ್ಮೆಗೇ ಇಳಿದು ಮುಖ ಅರಳಿತು.

"ಈ ದನಿ ನಾ ಕೇಳೀನಿ! ನೀನ ಏನಪಾ, ಮುಂಜಾನೆ ಮೈಕಿನ್ಯಾಗ ಎಣ್ಣಿಗಾಯಿ ಬೇಡಿದಾಂವ?"

ಬಂಕಿನವರೆಲ್ಲ ನಕ್ಕರು. ಧೂಳಪ್ಪ ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಟ. ದಾರಿಯುದ್ದಕ್ಕೂ ಮುದುಕಿಯ ಉಪದೇಶ ನಡೆಯಿತು. "ಎಣ್ಣಿ ಸುಡ್ಲಿ ತಮ್ಮಾ. ತುಪ್ಪ ತಿನ್ನು. ಮೊಮ್ಮಗಳು ಬಾಣತಿ, ಆಕಿಗಂತ ಒಯ್ಯಾಕತ್ತೀನಿ." ಬೇವಿನ ಗಿಡದ ಕೆಳಗೆ ಅವನನ್ನು ತಡೆದು ನಿಲ್ಲಿಸಿ, ಗಂಟು ಬಿಚ್ಚಿ, ಡಬ್ಬಿಯಿಂದ ಒಂದು ದೊಡ್ಡ ಉಂಡೆ ತುಪ್ಪ ತೆಗೆದು ಅವನ ಬಾಯಿಗೇ ಇಟ್ಟಳು. ಉಗುಳುವಂತಿಲ್ಲ, ಬಾಣತಿಯ ತುಪ್ಪ. ನುಂಗುವುದಕ್ಕೂ ಧೈರ್ಯವಿಲ್ಲ. ಕೊನೆಗೆ ತುಪ್ಪವೇ ಕರಗಿ ತನ್ನಷ್ಟಕ್ಕೆ ತಾನು ಇಳಿದು ಹೋಯಿತು. ಇಂಡಿ ಬಸ್ಸಿನಲ್ಲಿ ಮುದುಕಿಯನ್ನು ಕೈಹಿಡಿದು ಕೂರಿಸಿದಾಗ ಅವಳು ಅವನ ಕೆನ್ನೆ ಸವರಿ, "ಸಂಜೀಕ ಕಮ್ಮಿ ಬರ್ತೈತಿ, ಹೋಗು" ಎಂದು ಹರಸಿದಳು.

ಕೋಣೆಗೆ ಬಂದರೆ ಅಲ್ಲಿ ಅಬ್ದುಲರಜಾಕ ಕಾದಿದ್ದ. ಬಸ್ ಸ್ಟ್ಯಾಂಡಿನ ಗೇಟಿನ ಪಕ್ಕ ಮಿರ್ಚಿ ಭಜಿ ಕರಿಯುವವನು. ಧೂಳಪ್ಪನ ಹಳೆಯ ದೋಸ್ತ. ಈ ಹೊತ್ತು ಮುಖ ಬಾಡಿತ್ತು.

"ಏನ್ ಮಾಡಿದ್ರಿ ಸಾಹೇಬ್ರ! ಎಣ್ಣಿ, ಬಿ.ಪಿ. ಅಂತ ಮೈಕಿನ್ಯಾಗ ನೀವು ಒದರಿದ್ದಾ ಒದರಿದ್ದು, ಮುಂಜಾನಿಂದ ಒಬ್ಬಾಂವ ಭಜಿ ಕಡೆ ಹಣಿಕಿ ಹಾಕಿಲ್ಲ. ಕಂಟ್ರೋಲರ್ ಸಾಹೇಬ್ರ ದಿನಾ ತಿಂತಿದ್ದದ್ದು ನನ್ನ ಕಡೆನ ಅಂತ ಊರಿಗೆಲ್ಲಾ ಗೊತ್ತೈತಿ."

"ನಿನ್ನ ಹೆಸರು ನಾ ಎತ್ತಿಲ್ಲಲ್ಲೋ ರಜಾಕಭಾಯಿ."

"ಎತ್ತೂದ್ ಬ್ಯಾಡ್ರಿ, ತಿಳಿತೈತಿ. ನಿನ್ನಿ ಉಳದ ಎಣ್ಣಿ ತಗದ ಹಾಕೀನಿ. ಹೊಸಾ ಡಬ್ಬಿ ಒಡದೀನಿ. ಬರ್ರಿ, ಎಲ್ಲಾರ ಮುಂದ ಒಂದ ಪ್ಲೇಟ ತಿಂದ ತೋರಸ್ರಿ. ನನ್ನ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ್ರಿ."

ಧೂಳಪ್ಪ ಅವನ ಹಿಂದೆ ಹೊರಟ. ಗೇಟಿನ ಬಳಿ ಜನ ಸುತ್ತ ನಿಂತು ನೋಡುತ್ತಿದ್ದರು. ಧೂಳಪ್ಪ ಓಂಕಾಳು ಹಾಕಿದ ಹಿಟ್ಟಿನ ಮೊದಲ ಮಿರ್ಚಿ ಕಡಿದ. ಏನೂ ಆಗಲಿಲ್ಲ. ಎರಡನೆಯದು ಕಡಿದ. ಮನುಷ್ಯ ಇನ್ನೂ ನಿಂತೇ ಇದ್ದಾನೆ ಎಂದು ಖಾತ್ರಿಯಾದ ಮೇಲೆ ಒಬ್ಬ "ನನಗೂ ಒಂದ್ ಪ್ಲೇಟ್" ಎಂದ. ಆಮೇಲೆ ಬಾಣಲೆಗೆ ಪುರುಸೊತ್ತೇ ಸಿಗಲಿಲ್ಲ. ಅಬ್ದುಲರಜಾಕನ ಕಣ್ಣು ತುಂಬಿ ಬಂತು. ಇನ್ನೆರಡು ಮಿರ್ಚಿ ತಂದು ಗೆಳೆಯನ ಪ್ಲೇಟಿಗೆ ಹಾಕಿದ. ಧೂಳಪ್ಪ ಅವನ್ನೂ ತಿಂದ. ಎಂಥ ಹಾಳಾದ ದಿನವಿದು ಎಂದು ಮರುಗಿದ. ಎಂಥ ಛಲೋ ಭಜಿ ಎಂದೂ ಅಂದುಕೊಂಡ.

ಸಂಜೆ ದವಾಖಾನೆಯ ಮೆಟ್ಟಿಲ ಕೆಳಗೆ ಇಂದ್ರಾಬಾಯಿ ನಿಂತಿದ್ದಳು. ರೊಟ್ಟಿ ಬಡಿದ ದಣಿವಿಗೋ ಏನೋ, ಎರಡು ಬೆರಳಿನಿಂದ ಹಣೆ ಒತ್ತಿಕೊಳ್ಳುತ್ತಿದ್ದಳು.

"ಯಾಕ, ತಲಿ ನೋಯಾಕತ್ತೈತೇನು?"

"ಒಲಿ ಹೊಗಿರಿ. ದಿನಾ ಇದ್ದದ್ದ ಅದು." ಅವಳು ಮುಖವನ್ನು ಹತ್ತಿರ ತಂದಳು. "ಮೀಸಿಗೆ ಏನದು?"

"ಗ್ರೀಸ್. ಪರಪ್ಪನ ಬಸ್ಸಿಂದು."

"ಗ್ರೀಸಿಗೆ ಓಂಕಾಳ ಹಾಕ್ತಾರೇನ್ರಿ ಈಗ?"

ಧೂಳಪ್ಪ ಮೀಸೆ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದ. ಡಾಕ್ಟರ್ ನಿಷತ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವಸರದವಳಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ನೆಲಕ್ಕೂರಿಸಿ, ಮಾತಾಡಬೇಡಿ ಎಂದು ಸುಮ್ಮನೆ ಕೂರಿಸಿದಳು. ಆಮೇಲೆ ತೋಳಿಗೆ ಪಟ್ಟಿ ಸುತ್ತಿದಳು. ಪಟ್ಟಿ ಬಿಗಿಯಾಗುತ್ತ ಹೋದಂತೆ ಧೂಳಪ್ಪನ ಕಣ್ಣ ಮುಂದೆ ಹಿಂಡಿ, ಚಕ್ಕಲಿ, ತುಪ್ಪ, ಮಿರ್ಚಿಗಳು ಸಾಲಾಗಿ ಬಂದು ನಿಂತವು. ಎಣ್ಣೆಗಾಯಿ ಮಾತ್ರ ದೂರ ದೂರ ಹೋಯಿತು.

"ನೂರಾ ಇಪ್ಪತ್ತಾರು, ಎಂಬತ್ತು" ಎಂದಳು ಡಾಕ್ಟರ್. ಇನ್ನೊಮ್ಮೆ ನೋಡಿದಳು. "ಛಲೋ ಐತಿ ಕಾಕಾ."

ಧೂಳಪ್ಪ ಕುರ್ಚಿಯಿಂದ ಎದ್ದೇ ಬಿಟ್ಟ. "ಹೆಂಗ್ರಿ ಡಾಕ್ಟರಬಾಯಾರ? ನಾ ಇವತ್ತ..." ಎಂದವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದ.

ಡಾಕ್ಟರ್ ನಕ್ಕಳು. "ಒಂದಿನ ತಿಂದದ್ದರಿಂದ ಬಿ.ಪಿ. ಏರಿಲ್ಲ, ಇಳಿದೂ ಇಲ್ಲ. ಹೋದ ವಾರ ನೀವು ಯಾರ ಕೂಡನೋ ಜಗಳಾ ಮಾಡಿ, ಎರಡ ಕಪ್ ಚಹಾ ಕುಡದು, ಮೆಟ್ಟಲಾ ಓಡಿ ಹತ್ತಿ ಬಂದಿದ್ರಿ. ಅದಕ್ಕ ಮತ್ತೊಮ್ಮೆ ಬರ್ರಿ ಅಂದಿದ್ದೆ. ವಾರಿಡೀ ಉಪ್ಪಿನಕಾಯಿ, ಭಜಿ ಬಿಟ್ಟದ್ದೂ ಒಂದೀಟ ಉಪಕಾರ ಮಾಡಿರಬೇಕು. ಹಂಗಂತ ದಿನಾ ಹಿಂಗ ತಿಂದ್ರ ಹೃದಯ ಸುಮ್ನ ಕೂಡೂದಿಲ್ಲ."

ಕೊನೆಯ ಮಾತು ಧೂಳಪ್ಪನ ಕಿವಿಗೆ ಬೀಳಲಿಲ್ಲ. ಅವನು ಗೆದ್ದಿದ್ದ. ವಾರವಿಡೀ ತನ್ನನ್ನು ರೋಗಿಯಂತೆ ನೋಡಿದ ಹೆಂಡತಿಯನ್ನು ಒಮ್ಮೆ ಚುಡಾಯಿಸಬೇಕೆನಿಸಿತು. "ಈಕಿದೂ ಒಂದೀಟ ನೋಡ್ರಿ ಡಾಕ್ಟರಬಾಯಾರ. ನನಗಷ್ಟ ಚಮಚಾ ಹಿಡದಾಳ. ಈಕಿ ಎಷ್ಟ ಗಟ್ಟಿ ಅದಾಳ ನೋಡೂಣು!"

"ನನಗ್ಯಾಕ? ನನಗೇನಾಗೈತಿ?" ಎಂದು ಇಂದ್ರಾಬಾಯಿ ಕೊಸರಿಕೊಂಡಳು. ಡಾಕ್ಟರ್ ಅವಳನ್ನೂ ಸುಮ್ಮನೆ ಕೂರಿಸಿ ಪಟ್ಟಿ ಸುತ್ತಿದಳು. ನೋಡಿದಳು. ಇನ್ನೊಂದು ತೋಳಿಗೆ ಸುತ್ತಿ ನೋಡಿದಳು. ನೀರು ಕುಡಿಸಿ, ಹೊತ್ತು ಬಿಟ್ಟು ಮೂರನೆಯ ಸಲ ನೋಡಿದಳು.

"ಕಾಕೂ, ನೂರಾ ಎಪ್ಪತ್ತೆರಡು ಐತಿ. ತಲಿ ನೋಯತೈತೇನು?"

ಇಂದ್ರಾಬಾಯಿ ಮೆಲ್ಲನೆ ಹೌದೆಂದಳು. ಡಾಕ್ಟರ್ ಒಂದೊಂದಾಗಿ ಕೇಳುತ್ತ ಹೋದಳು. ಉಪ್ಪಿನಕಾಯಿ, ಉಪ್ಪು ಮೆಣಸಿನಕಾಯಿ, ಹಪ್ಪಳ ಎಲ್ಲ ಹೊರಗೆ ಬಂದವು. "ಅದರಾಗ ಎಣ್ಣಿ ಇಲ್ಲಲ್ರಿ!" ಎಂದಳು ಇಂದ್ರಾಬಾಯಿ ಅಮಾಯಕಳಾಗಿ. "ಇವರು ಎಣ್ಣಿ ಬಿಟ್ಟಾಗ ನಾ ಹೆಂಗ ತಿನ್ಲಿ? ಪಲ್ಯಾ ನುಂಗಬೇಕಂದ್ರ ನಂಚ್ಕೊಳ್ಳಾಕ ಏನರ ಬೇಕಲ್ರಿ."

"ಒಂದ ವಾರದಾಗ ಬಂದದ್ದಲ್ಲ ಇದು, ಮೊದಲಿಂದ ಇದ್ದಿರಬೇಕು ಕಾಕೂ. ಉಪ್ಪು ಅದಕ್ಕ ಇನ್ನಷ್ಟ ಕೂಡೈತಿ. ಎಂದರ ತೋರಿಸಿದ್ರೇನು?"

ಇಂದ್ರಾಬಾಯಿ ತಲೆಯಲ್ಲಾಡಿಸಿದಳು. ಇಷ್ಟು ವರ್ಷ ಈ ಮೆಟ್ಟಿಲನ್ನು ಅವಳು ಹತ್ತಿದ್ದೆಲ್ಲ ಗಂಡನಿಗಾಗಿ, ಮಗಳಿಗಾಗಿ, ಅತ್ತೆಗಾಗಿ. ಧೂಳಪ್ಪ ನೆಲ ನೋಡುತ್ತ ಕೂತ. ದಿನವೂ ತನ್ನ ಎದುರಿಗೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದವಳನ್ನು ತಾನು ಈ ಸಂಜೆಯವರೆಗೆ ಒಮ್ಮೆಯೂ ಏನೆಂದು ಕೇಳಿರಲಿಲ್ಲವಲ್ಲ ಎಂದು ಅವನಿಗೆ ತುಂಬ ಕೆಟ್ಟದೆನಿಸಿತು.

ಗುಳಿಗೆ ಬರೆಸಿಕೊಂಡು, ಉಪ್ಪು ಕಡಿಮೆ, ಎಣ್ಣೆ ಇಬ್ಬರಿಗೂ ಅಳತೆಯಲ್ಲಿ ಎಂಬ ಮಾತು ಕೇಳಿಕೊಂಡು ಇಬ್ಬರೂ ಇಳಿದು ಬಂದರು. ಕೊನೆಯ ಮೆಟ್ಟಿಲಲ್ಲಿ ಇಂದ್ರಾಬಾಯಿ ನಿಂತಳು. "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ರೊಟ್ಟಿ ಇಂದ್ರಾಬಾಯಿಗೆ ಆರಾಮಿಲ್ಲಂತ ಸುದ್ದಿ ಆದ್ರ ಮದುವಿ ಆರ್ಡರು ಬ್ಯಾರೆ ಕಡೆ ಹೊಕ್ಕಾವು." ಮೆಟ್ಟಿಲಿಳಿದು ತಿರುಗಿ, "ಮೈಕಿನ್ಯಾಗಂತೂ ಬ್ಯಾಡ" ಎಂದಳು.

ಮನೆಯ ಕಟ್ಟೆಯ ಮೇಲೆ ಮೂವರೂ ಕಾದು ಕೂತಿದ್ದರು. ಪರಪ್ಪನ ಕೈಯಲ್ಲಿ ಶೇಂಗಾ ಎಣ್ಣೆಯ ಶೀಶೆ, ಅಕ್ಕೋರ ಕೈಯಲ್ಲಿ ಕುಸುಬಿಯ ಡಬ್ಬಿ, ಅಬ್ದುಲರಜಾಕನ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬಿಸಿ ಮಿರ್ಚಿ. ಗುಳಿಗೆಯ ಪೊಟ್ಟಣ ಮೊದಲು ಕಂಡದ್ದು ಅಕ್ಕೋರಿಗೆ.

"ಗುಳಿಗಿ ಕೊಟ್ಟಾರಲ್ಲ! ಯಾರಿಗೆ?"

ಇಂದ್ರಾಬಾಯಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಧೂಳಪ್ಪ ಮಿರ್ಚಿಯ ಪೊಟ್ಟಣವನ್ನೊಮ್ಮೆ ನೋಡಿದ. ಘಮ ಮೂಗಿಗೆ ಬಂತು. ನೂರಾ ಇಪ್ಪತ್ತಾರು ಎಂಬ ಸಂಖ್ಯೆ ಗಂಟಲವರೆಗೂ ಬಂದಿತ್ತು. ಅದನ್ನು ನುಂಗಿದ.

"ಮತ್ತ್ಯಾರಿಗೆ? ನನಗ" ಎಂದ. "ನೂರಾ ಎಪ್ಪತ್ತೆರಡು. ಇನ್ನ ಜನ್ಮಕ್ಕೆಲ್ಲಾ ಚಮಚಾನ ಗತಿ."

ಮೂವರ ಮುಖವೂ ಕಪ್ಪಿಟ್ಟಿತು. ಪರಪ್ಪ ಶೀಶೆಯನ್ನು ಬೆನ್ನ ಹಿಂದೆ ಅಡಗಿಸಿದ. ಅಕ್ಕೋರು "ಉಪ್ಪಿನ ಮಾತು ನಾ ಮುಂಜಾನೆನ ಹೇಳಾಕತ್ತಿದ್ದೆ, ಯಾರು ಕೇಳ್ತೀರಿ" ಎಂದು ಕಣ್ಣೊರೆಸಿಕೊಂಡರು. ಅಬ್ದುಲರಜಾಕ ಮಿರ್ಚಿಯನ್ನು ಚೀಲಕ್ಕೆ ಹಾಕಿ ಎದೆ ಮುಟ್ಟಿಕೊಂಡ. "ಅಲ್ಲಾನ ಆಣಿ ಸಾಹೇಬ್ರ, ಇನ್ಮ್ಯಾಲೆ ನನ್ನ ಕೈಯಿಂದ ನಿಮಗ ಒಂದ ಭಜಿ ಸಿಗೂದಿಲ್ಲ. ನಾ ಅಷ್ಟ ಅಲ್ಲ, ಊರಾಗಿನ ಎಲ್ಲಾ ಗಾಡಿಯವರಿಗೂ ಈಗ ಹೋಗಿ ಹೇಳ್ತೇನಿ. ನೀವು ಅತ್ತ ಕರದ ಬೇಡಿದ್ರೂ ಯಾರೂ ಕೊಡಬಾರದು!" ಎಂದು ಹೇಳಿ, ಹೇಳಿದಂತೆಯೇ ಮಾಡಲು ಎದ್ದು ಹೊರಟುಹೋದ.

ರಾತ್ರಿ ಊಟಕ್ಕೆ ಕೂತಾಗ ಧೂಳಪ್ಪನ ತಾಟಿನಲ್ಲಿ ಪುಡಿ ತುಂಬಿ ಬೇಯಿಸಿದ ಎರಡು ಬದನೆಕಾಯಿ ಇದ್ದವು. ಉಪ್ಪು ಕಂಡೂ ಕಾಣದಷ್ಟು. ಇಂದ್ರಾಬಾಯಿ ತನ್ನ ಪಾಲಿನ ಒಂದು ಚಮಚ ಎಣ್ಣೆಯನ್ನು ತನ್ನ ತಾಟಿಗೆ ಹಾಕಿಕೊಳ್ಳಲಿಲ್ಲ. ಕೈ ಚಾಚಿ ಅದನ್ನು ಅವನ ಬದನೆಕಾಯಿಯ ಮೇಲೆ ಬಿಟ್ಟಳು.

"ಏ, ಇದೇನ ಇದು?"

"ಮಾತ ಕೊಟ್ಟಿದ್ನಲ್ರಿ" ಎಂದಳು. "ಕಮ್ಮಿ ಬಂದ್ರ ಎಣ್ಣಿಗಾಯಿ ಅಂತ. ಇದ ಎಣ್ಣಿಗಾಯಿ, ಉಣ್ರಿ."

ಎಣ್ಣೆ ತೇಲಲಿಲ್ಲ. ಬದನೆಕಾಯಿಯ ಮೇಲೆ ಒಂದು ಗಳಿಗೆ ಮಿನುಗಿ ಒಳಗೆ ಇಳಿದುಹೋಯಿತು. ಧೂಳಪ್ಪ ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟು, ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಮೊದಲ ಸಲ, "ಭಾಳ ಛಲೋ ಮಾಡೀದಿ ಇಂದ್ರಾ" ಎಂದ. ಅವಳು ಅವನ ಹಣೆ ಮುಟ್ಟಿ ನೋಡಿ, ನಾಳೆ ಇನ್ನೊಮ್ಮೆ ಡಾಕ್ಟರಿಗೆ ತೋರಿಸೋಣ ಎಂದಳು.